ಬೆಳಿಗ್ಗೆ ಎಷ್ಟು ಹೊತ್ತು?

ಪತ್ರಿಕೆಗಳ ಪುರವಣಿಯಲ್ಲಿ ಬರುವ ‘ಕಾಯಿಲೆ ಗೆದ್ದವರ ಕಥೆ’ಗಳಿಗೆ ಒಂದು ಅಚ್ಚಿದೆ. ನಾಲ್ಕಾರು ಓದಿದವರಿಗೆ ಬಾಯಿಪಾಠ ಆಗಿಬಿಡುತ್ತೆ. ಮೊದಲ ಪ್ಯಾರಾದಲ್ಲಿ ಚೆನ್ನಾಗಿ ಓಡಾಡಿಕೊಂಡಿದ್ದ ಒಬ್ಬ ಮನುಷ್ಯ, ಬಹುಪಾಲು ಒಬ್ಬಳು ಹೆಂಗಸು. ಎರಡನೇ ಪ್ಯಾರಾದಲ್ಲಿ ಎಲ್ಲಿಂದಲೋ ಬಂದ ನೋವು. ಮೂರನೆಯದರಲ್ಲಿ ಕಾಯಿಲೆಗೆ ಒಂದು ದೊಡ್ಡ ಇಂಗ್ಲಿಷ್ ಹೆಸರು. ಅಲ್ಲಿಂದ ಕೊನೆಯವರೆಗೂ ಛಲ, ಮನೆಯವರ ಬೆಂಬಲ, ಯೋಗ, ಊಟದ ಪಥ್ಯ, ಪಕ್ಕದಲ್ಲಿ ನಗುಮುಖದ ಫೋಟೋ. ಇವುಗಳ ಬಗ್ಗೆ ನನ್ನ ತಕರಾರು ಛಲದ ಕುರಿತಾಗಲೀ ಫೋಟೋ ಕುರಿತಾಗಲೀ ಇಲ್ಲ. ಎರಡನೇ ಮತ್ತು ಮೂರನೇ ಪ್ಯಾರಾಗಳ ನಡುವೆ ತಪ್ಪದೇ ಬರುವ ಒಂದು ಸಾಲಿನ ಬಗ್ಗೆ: ‘ಹಲವು ವೈದ್ಯರನ್ನು ಕಂಡ ಬಳಿಕ ಕೊನೆಗೂ ರೋಗ ಪತ್ತೆಯಾಯಿತು.’

ಈ ಸಾಲು ಓದೋಕೆ ಮೂರು ಸೆಕೆಂಡು ಸಾಕು. ಅದರೊಳಗೆ ಎಷ್ಟೋ ಸಲ ಎರಡು ಮೂರು ವರ್ಷ ಇರುತ್ತೆ. ಸೊಂಟ ಮತ್ತು ಬೆನ್ನುಹುರಿಯ ಕೀಲುಗಳಿಗೆ ಬರುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯಲ್ಲಂತೂ ಮೊದಲ ನೋವಿಗೂ ಹೆಸರು ಸಿಗೋದಕ್ಕೂ ನಡುವೆ 5ರಿಂದ 10 ವರ್ಷ ಹೋಗೋದನ್ನ ದೇಶ ದೇಶಗಳ ವೈದ್ಯರು ದಾಖಲಿಸಿದ್ದಾರೆ. ಒಂದು ಕಥೆ ತನ್ನ ನಡುಭಾಗದ ವರ್ಷಗಳನ್ನೇ ನುಂಗಿ ನೀರು ಕುಡಿದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಅದು ಅರ್ಧ ಕಥೆ. ಆ ನುಂಗಿಹಾಕಿದ ಭಾಗ ಯಾಕೆ ಮುಖ್ಯ, ಅದನ್ನ ನಾವು ಯಾಕೆ ಹೇಳೋದಿಲ್ಲ, ಹೇಳಿದರೂ ಯಾಕೆ ತಪ್ಪಾಗಿ ಹೇಳ್ತೀವಿ ಅನ್ನೋದು ಈ ಬರಹ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ನಾನಿಲ್ಲಿ ಮುಖ್ಯವಾಗಿ ಮಾತಾಡ್ತಿರೋದು ರುಮಟಾಯ್ಡ್ ಆರ್ತ್ರೈಟಿಸ್ ಬಗ್ಗೆ. ವಯಸ್ಸಾದ ಮೇಲೆ ಮಂಡಿ ಸವೆದು ಬರೋ ನೋವು ಇದಲ್ಲ. ಹೊರಗಿನ ಸೋಂಕಿನ ಮೇಲೆ ಯುದ್ಧ ಮಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಇಲ್ಲಿ ಕೀಲುಗಳ ಒಳಪೊರೆಯ ಮೇಲೆಯೇ ತಿರುಗಿಬೀಳುತ್ತೆ. ಪೊರೆ ಬಾತುಕೊಳ್ಳುತ್ತೆ, ಆಮೇಲೆ ಪಕ್ಕದ ಮೃದ್ವಸ್ಥಿ, ಮೂಳೆಗಳನ್ನೇ ಕೊರೆಯೋಕೆ ಶುರುಮಾಡುತ್ತೆ. ಸಾಮಾನ್ಯವಾಗಿ ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳಲ್ಲಿ, ಎರಡೂ ಕಡೆ ಸರಿಸಮವಾಗಿ ಕಾಣಿಸಿಕೊಳ್ಳುತ್ತೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೂವತ್ತರಲ್ಲೂ ಬರಬಹುದು, ಅರವತ್ತರಲ್ಲೂ ಬರಬಹುದು. ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ಭಿಗ್ವಣ್ ಎಂಬ ಹಳ್ಳಿಯಲ್ಲಿ 1990ರ ದಶಕದಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಸಾವಿರ ಜನಕ್ಕೆ ಸುಮಾರು ಐದು ಮಂದಿಗೆ ಈ ಕಾಯಿಲೆ ಕಂಡಿತ್ತು.

ಇಲ್ಲಿ ಗಮನಿಸಬೇಕಾದ್ದು ಕಾಲ. ಮೂಳೆಗೆ ಆಗುವ ಹಾನಿ ಬಹಳಷ್ಟು ಸಲ ಮೊದಲ ಎರಡು ವರ್ಷದೊಳಗೇ ಶುರುವಾಗಿರುತ್ತೆ. ಆದ ಹಾನಿಯನ್ನ ಯಾವ ಔಷಧಿಯೂ ಹಿಂದಕ್ಕೆ ತರೋದಿಲ್ಲ. ಆದರೆ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಆ ಹಾನಿಯನ್ನ ಬಹುಮಟ್ಟಿಗೆ ತಡೀಬಹುದು. ಆ ಔಷಧಿ ಚಂದ್ರಲೋಕದಿಂದ ತರಬೇಕಾದ್ದೇನಲ್ಲ. ವಾರಕ್ಕೆ ಒಂದೇ ದಿನ ತಗೊಳ್ಳುವ ಮೆಥೋಟ್ರೆಕ್ಸೇಟ್ ಈ ಕಾಯಿಲೆಗೆ 1980ರ ದಶಕದಿಂದ ಬಳಕೆಯಲ್ಲಿದೆ, ದುಬಾರಿಯೂ ಅಲ್ಲ. ಅಂದಮೇಲೆ ‘ಕೊನೆಗೂ ಪತ್ತೆಯಾಯಿತು’ ಎಂಬ ಸಾಲಿನಲ್ಲಿರೋ ‘ಕೊನೆಗೂ’ ಪದ ಬರೀ ಕಾಲಸೂಚಕ ಅಲ್ಲ. ಅದು ಎಷ್ಟು ಬೆರಳು ಉಳೀತು, ಎಷ್ಟು ಹೋಯ್ತು ಅನ್ನೋದರ ಲೆಕ್ಕ.

ಆ ಸಾಲನ್ನ ಬಿಚ್ಚಿದರೆ ಒಳಗೆ ಏನಿರುತ್ತೆ ಅಂತ ನೋಡೋಕೆ ನನಗೆ ಗೊತ್ತಿರೋ ಒಂದು ಫೈಲು ಇದೆ. ನಮ್ಮ ದೊಡ್ಡಮ್ಮನ ಮಗಳು, ಹಾಸನದ ಕಡೆಯ ಒಂದು ತಾಲ್ಲೂಕು ಊರಲ್ಲಿ ಹೂ ಕಟ್ಟಿ ಮಾರ್ತಾಳೆ. ಮೂವತ್ತೆಂಟನೇ ವಯಸ್ಸಿಗೆ ಶುರುವಾಗಿದ್ದು. ಹೂವಿನ ಕೆಲಸ ನಡೆಯೋದೇ ನಸುಕಿನಲ್ಲಿ. ನಾಲ್ಕೂವರೆಗೆ ಎದ್ದು, ನೆನೆಸಿಟ್ಟ ಬಾಳೆ ನಾರು ತೆಗೆದು, ಬಿಸಿಲೇರೋದರೊಳಗೆ ಇಷ್ಟು ಮಾರು ಸೇವಂತಿಗೆ, ಇಷ್ಟು ಮೊಳ ಕನಕಾಂಬರ ಆಗಬೇಕು. ಬೆರಳು ಮಡಚೋಕೆ ಬರ್ತಿರಲಿಲ್ಲ. ನಾರಿನ ಗಂಟು ಬೀಳ್ತಿರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಅದೇ ಕೈ ಅಷ್ಟಿಷ್ಟು ಸರಿಹೋಗಿ, ಮಧ್ಯಾಹ್ನ ಬಟ್ಟೆ ಒಗೆಯೋ ಮಟ್ಟಕ್ಕೆ ಬರ್ತಿತ್ತು. ಇದನ್ನೇ ನೋಡಿ ಮನೆಯಲ್ಲಿ, ‘ಕೆಲಸದ ಹೊತ್ತಿಗೆ ಮಾತ್ರ ನೋವು ಬರುತ್ತಲ್ಲ ನಿಂಗೆ’ ಅನ್ನೋ ಮಾತೂ ಬಂತು.

ಅವಳ ಪ್ಲಾಸ್ಟಿಕ್ ಫೈಲಿನಲ್ಲಿ 11 ಚೀಟಿಗಳಿವೆ. ವಿಮರ್ಶೆ ಬರೆಯೋ ಚಾಳಿ ಇರೋದರಿಂದ ನಾನು ಅವನ್ನ ಪಠ್ಯ ಓದೋ ಹಾಗೇ ಓದಿದೆ. ಮೊದಲಿನ ಆರು ತಿಂಗಳಿಗೆ ಚೀಟಿಯೇ ಇಲ್ಲ, ಅದು ಮೆಡಿಕಲ್ ಶಾಪಿನ ಕಾಲ. ಒಂದು ಪಟ್ಟಿ ನೋವಿನ ಮಾತ್ರೆ, ಒಂದು ಪಟ್ಟಿ ಗ್ಯಾಸಿನ ಮಾತ್ರೆ. ಆಮೇಲೆ ಊರಿನ ಕ್ಲಿನಿಕ್ಕು: ಸೂಜಿ, ಕ್ಯಾಲ್ಸಿಯಂ, ‘ನೀರಲ್ಲಿ ಜಾಸ್ತಿ ಕೈ ಇಡಬೇಡಮ್ಮ’ ಎಂಬ ಸಲಹೆ. ಆಮೇಲೆ ಮೂಳೆ ಡಾಕ್ಟರು: ಎರಡೂ ಕೈಯ ಎಕ್ಸ್‌ರೇ, ನಾರ್ಮಲ್. ಆಮೇಲೆ ಲ್ಯಾಬಿನ ರಿಪೋರ್ಟು: ಯೂರಿಕ್ ಆಸಿಡ್ ಸರಿಯಾಗಿದೆ, ಆರ್‌ಎ ಫ್ಯಾಕ್ಟರ್ ನೆಗೆಟಿವ್. ‘ವಾತ ಇಲ್ಲ ಅಂತ ಬಂತು’ ಅಂತ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಇನ್ನೊಂದು ಚೀಟಿಯಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ‘ಚಿಕುನ್‌ಗುನ್ಯಾ ನಂತರದ ನೋವು’. ಮತ್ತೊಂದರಲ್ಲಿ ನಿದ್ದೆ ಮಾತ್ರೆ, ಜೊತೆಗೆ ಟೆನ್ಷನ್ ಮಾಡ್ಕೋಬೇಡಿ ಎಂಬ ಬಾಯಿಮಾತು. ನಡುವೆ ಮತ್ತೆ ಚೀಟಿ ಇಲ್ಲದ ನಾಲ್ಕು ತಿಂಗಳು: ಯಾರೋ ಹೇಳಿದ ಕಡೆ ಹೋಗಿ ತಂದ ಪುಡಿ. ಎರಡೇ ದಿನಕ್ಕೆ ಕೈ ಹೂವಿನಂಗೆ ಹಗುರಾಯ್ತು. ಎರಡು ತಿಂಗಳಿಗೆ ಮುಖ ಊದಿಕೊಳ್ತು. ಪುಡಿ ಬಿಟ್ಟ ವಾರಕ್ಕೆ ನೋವು ದುಪ್ಪಟ್ಟಾಗಿ ವಾಪಸ್ ಬಂತು. ಆ ಪುಡಿಯಲ್ಲಿ ಏನಿತ್ತು ಅಂತ ಪರೀಕ್ಷೆ ಮಾಡಿದವರಿಲ್ಲ. ಆದರೆ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ಬಾವನ್ನ ಬೇಗ ಇಳಿಸುತ್ತೆ. ಯಾರ ಹತೋಟಿಯೂ ಇಲ್ಲದೆ ತಿಂದರೆ ಕಾಯಿಲೆಯ ಗುರುತನ್ನೂ ಮರೆಮಾಡುತ್ತೆ.

ಹನ್ನೊಂದು ಚೀಟಿಗಳಲ್ಲಿ ಮೊದಲ ಹತ್ತರಲ್ಲೂ ಒಂದೇ ಎರಡು ಪದ: ಜಾಯಿಂಟ್ ಪೇನ್. ‘ಬೆಳಿಗ್ಗೆ’ ಎಂಬ ಪದ ಯಾವುದರಲ್ಲೂ ಇಲ್ಲ. ಅವಳು ಮಾತ್ರ ಹೋದ ಕಡೆಯೆಲ್ಲ ಮೊದಲು ಹೇಳ್ತಿದ್ದುದೇ ಅದನ್ನ. ‘ಬೆಳಿಗ್ಗೆ ಎದ್ದಾಗ ಕೈ ಹಿಡ್ಕೊಂಡಿರುತ್ತೆ ಸಾರ್, ಮುಷ್ಟಿ ಕಟ್ಟಕ್ಕಾಗಲ್ಲ.’ ಹನ್ನೊಂದನೇ ಚೀಟಿ ಬರೆದವರು ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಒಬ್ಬರು ವೈದ್ಯರು. ಅವರು ಕೇಳಿದ್ದು ಒಂದು ಪ್ರಶ್ನೆ: ‘ಎಷ್ಟು ಹೊತ್ತು ಹಿಡ್ಕೊಂಡಿರುತ್ತಮ್ಮ?’ ಇವಳಿಗೆ ಗಂಟೆಯ ಲೆಕ್ಕ ಇರಲಿಲ್ಲ. ‘ಫಸ್ಟ್ ಬಸ್ಸು ಹೋಗಿ ಸ್ಕೂಲ್ ಬೆಲ್ ಹೊಡೆಯೋ ತನಕ ಸಾರ್’ ಅಂದಳು. ಅವರು ಲೆಕ್ಕ ಹಾಕಿ ‘ಮೂರು ಗಂಟೆಗೂ ಮಿಕ್ಕಿ’ ಅಂತ ಬರೆದುಕೊಂಡರು. ಎರಡೂ ಅಂಗೈಗಳನ್ನ ಬೆರಳಿನ ಬುಡದ ಗಂಟುಗಳ ಹತ್ತಿರ ಅಡ್ಡಲಾಗಿ ಮೆಲ್ಲಗೆ ಒತ್ತಿದರು. ಅವಳು ಕೂಗಿಕೊಂಡಳು. ಆಂಟಿ ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಬರೆದುಕೊಟ್ಟರು, ಅದು ಪಾಸಿಟಿವ್ ಬಂತು, ಬೆಂಗಳೂರಿನ ಕೀಲುವಾತ ತಜ್ಞರ ಹತ್ತಿರ ಕಳಿಸಿದರು. ಮೊದಲ ನೋವಿನಿಂದ ಅಲ್ಲಿಯವರೆಗೆ ಎರಡು ವರ್ಷ ಎಂಟು ತಿಂಗಳು. ಈಗ ಔಷಧಿ ಹಿಡಿದಿದೆ, ಬಾವು ಇಳಿದಿದೆ. ಬಲಗೈಯ ಎರಡು ಬೆರಳು ಮಾತ್ರ ಪೂರ್ತಿ ಮಡಚೋದಿಲ್ಲ. ಹೂ ಮಾರ್ತಾಳೆ, ಕಟ್ಟೋದಕ್ಕೆ ಬೇರೆಯವರಿಗೆ ಮೊಳದ ಲೆಕ್ಕದಲ್ಲಿ ದುಡ್ಡು ಕೊಡ್ತಾಳೆ.

ಈ ಕಥೆಯನ್ನ ನಮ್ಮ ಜನಪ್ರಿಯ ಅಚ್ಚಿಗೆ ಹಾಕಿದರೆ ಏನಾಗುತ್ತೆ? ಮೊದಲನೆಯದು ಪತ್ತೇದಾರಿ ಅಚ್ಚು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರಿಗೂ, 2004ರಿಂದ 2012ರವರೆಗೆ ಬಂದ ‘ಹೌಸ್’ ಎಂಬ ಅಮೆರಿಕದ ಧಾರಾವಾಹಿ ನೋಡಿದ ತಲೆಮಾರಿಗೂ ಇದು ಬಹಳ ಪ್ರಿಯವಾದ ಅಚ್ಚು. ಆ ಧಾರಾವಾಹಿಯ ಡಾಕ್ಟರ್ ಹೌಸ್‌ನನ್ನು ಷರ್ಲಾಕ್ ಹೋಮ್ಸ್ ಮಾದರಿಯಲ್ಲೇ ಕಡೆದದ್ದು. ಹೋಮ್ಸ್‌ನನ್ನೋ, ವೈದ್ಯನೇ ಆಗಿದ್ದ ಕಾನನ್ ಡಾಯ್ಲ್ ತನ್ನ ಗುರು, ಎಡಿನ್‌ಬರೋದ ಡಾಕ್ಟರ್ ಜೋಸೆಫ್ ಬೆಲ್‌ರನ್ನು ನೋಡಿ ಕಡೆದದ್ದು. ಹೀಗೆ ವೈದ್ಯನಿಂದ ಹುಟ್ಟಿದ ಪತ್ತೇದಾರ ಮತ್ತೆ ವೈದ್ಯನಾಗಿ ಟೀವಿಗೆ ಬಂದ. ನೋಡೋಕೆ ಮಜವಾಗಿದೆ, ನಾನೂ ರಾತ್ರಿಗಟ್ಟಲೆ ನೋಡಿದ್ದೀನಿ. ಆದರೆ ಈ ಅಚ್ಚಿನಲ್ಲಿ ಮೂರು ನಂಬಿಕೆಗಳಿವೆ. ಕಾಯಿಲೆ ಅಪರಾಧಿಯ ಹಾಗೆ ಅಡಗಿ ಕೂತಿದೆ. ರೋಗಿ ನಿಜ ಹೇಳೋದಿಲ್ಲ. ಒಬ್ಬ ಮಹಾ ಬುದ್ಧಿವಂತ ಬರೋವರೆಗೂ ಏನೂ ಆಗೋದಿಲ್ಲ.

ಅಕ್ಕನ ಫೈಲಿನ ಮುಂದೆ ಈ ಮೂರೂ ನಿಲ್ಲೋದಿಲ್ಲ. ಕಾಯಿಲೆ ಅಡಗಿರಲಿಲ್ಲ, ಊದಿಕೊಂಡು ಬಳೆ ಏರದ ಕೈಯಲ್ಲಿ ಎದುರಿಗೇ ಇತ್ತು. ರೋಗಿ ಮೊದಲ ದಿನದಿಂದ ನಿಜವನ್ನೇ ಹೇಳ್ತಿದ್ದಳು. ಜಿಲ್ಲಾ ಆಸ್ಪತ್ರೆಯ ವೈದ್ಯರು ಒಳ್ಳೆಯ ವೈದ್ಯರು, ಆದರೆ ಅವರು ಮಾಡಿದ್ದು ಪವಾಡವೇನಲ್ಲ. ರೋಗಿ ಹೇಳಿದ್ದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು, ಉತ್ತರವನ್ನ ಬರೆದುಕೊಂಡರು. ಪತ್ತೇದಾರಿ ಅಚ್ಚಿನಲ್ಲಿ ಬರೆದರೆ ಹನ್ನೊಂದನೆಯವರು ಹೀರೋ ಆಗ್ತಾರೆ, ಓದುಗರಿಗೆ ‘ಇಂಥ ಡಾಕ್ಟರ್ ಸಿಗೋದು ಪುಣ್ಯ’ ಅನ್ನಿಸುತ್ತೆ. ಪುಣ್ಯದ ವಿಷಯ ಆದಮೇಲೆ ಯಾರೂ ಏನೂ ಬದಲಾಯಿಸಬೇಕಾಗಿಲ್ಲ ನೋಡಿ!

ಎರಡನೆಯದು ಪದಗಳ ಸಮಸ್ಯೆ, ಇದರಲ್ಲಿ ಕನ್ನಡದಲ್ಲಿ ಬರೆಯೋ ನಾವೇ ನೇರ ಪಾಲುದಾರರು. ನಮ್ಮ ಮನೆಗಳಲ್ಲಿ ನೋವಿಗೆ ಎಷ್ಟೊಂದು ಪದಗಳಿವೆ! ಉಳುಕು ಬೇರೆ, ಸೆಳೆತ ಬೇರೆ, ಸಿಡಿತ ಬೇರೆ, ಚಳುಕು ಬೇರೆ, ಜೋಮು ಬೇರೆ, ಹಿಡ್ಕೊಳ್ಳೋದು ಬೇರೆ, ಬಾವು ಬೇರೆ. ಓದುಬರಹ ಬಾರದ ಅಜ್ಜಿಯೂ ಇವುಗಳನ್ನ ಒಂದಕ್ಕೊಂದು ಬೆರೆಸೋದಿಲ್ಲ. ಕ್ಲಿನಿಕ್ಕಿನ ಬಾಗಿಲು ದಾಟಿದ ಕೂಡಲೇ ಇವೆಲ್ಲ ಕರಗಿ ‘ನೋವು’ ಆಗ್ತವೆ, ಚೀಟಿಯಲ್ಲಿ ‘ಪೇನ್’ ಆಗ್ತವೆ. ಕಾಯಿಲೆಯ ಗುರುತು ಇದ್ದದ್ದು ‘ಹಿಡ್ಕೊಂಡಿರುತ್ತೆ’ ಅನ್ನೋ ಕ್ರಿಯಾಪದದಲ್ಲಿ. ಸವೆತದ ಕೀಲು ಬೆಳಿಗ್ಗೆ ಹಿಡಿದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತೆ, ಕೆಲಸ ಮಾಡಿದಷ್ಟೂ ನೋಯುತ್ತೆ, ಕೂತರೆ ಆರಾಮ. ಉರಿಯೂತದ ಕೀಲು ಇದಕ್ಕೆ ತದ್ವಿರುದ್ಧ: ರಾತ್ರಿಯ ವಿಶ್ರಾಂತಿಯ ನಂತರವೇ ಹೆಚ್ಚು ಬಿಗಿ, ಓಡಾಡಿದಂತೆ ಸಡಿಲ. ‘ರೆಸ್ಟ್ ತಗೊಳ್ಳಿ’ ಅನ್ನೋ ಸಲಹೆಯನ್ನ ಇಬ್ಬರಿಗೂ ಒಂದೇ ಸಮ ಹಂಚಿದರೆ ಒಬ್ಬರಿಗೆ ಅದು ಅಷ್ಟಾಗಿ ನಾಟೋದಿಲ್ಲ.

ಪತ್ರಿಕೆಗಳು ಈ ಎರಡಕ್ಕೂ ಹಾಕೋ ಹೆಸರು ಒಂದೇ: ಸಂಧಿವಾತ. ಒಂದೇ ಲೇಖನದಲ್ಲಿ ಮಂಡಿ ಸವೆತವೂ ಸಂಧಿವಾತ, ರುಮಟಾಯ್ಡೂ ಸಂಧಿವಾತ, ಕೊನೆಗೆ ತೂಕ ಇಳಿಸಿ, ಮೆಂತ್ಯ ನೆನೆಸಿ ತಿನ್ನಿ. ತಮಾಷೆ ಅಂದರೆ ನಮ್ಮ ಹಳೆಯ ವೈದ್ಯಶಾಸ್ತ್ರ ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿತ್ತು. ಆಯುರ್ವೇದದಲ್ಲಿ ಸಂಧಿಗತ ವಾತ ಬೇರೆ, ಆಮವಾತ ಬೇರೆ. ಮಾಧವ ನಿದಾನ ಎಂಬ ರೋಗನಿರ್ಣಯದ ಗ್ರಂಥದಲ್ಲಿ ಆಮವಾತಕ್ಕೆ ಅಂತಲೇ ಪ್ರತ್ಯೇಕ ಅಧ್ಯಾಯವಿದೆ. ಇವು ಇವತ್ತಿನ ಎರಡು ಕಾಯಿಲೆಗಳಿಗೆ ಕರಾರುವಾಕ್ಕಾಗಿ ಹೊಂದುತ್ತವೆ ಅಂತ ನಾನು ಹೇಳ್ತಿಲ್ಲ. ಬೇರೆ ಬೇರೆ ಕಂಡದ್ದಕ್ಕೆ ಬೇರೆ ಬೇರೆ ಹೆಸರಿಡೋ ಶಿಸ್ತು ಇತ್ತು ಅಂತ ಹೇಳ್ತಿದ್ದೀನಿ, ಅಷ್ಟೇ. ಹೊಸ ಪದಗಳಲ್ಲೂ ನಾವು ಬಡವರಲ್ಲ. ಪಠ್ಯಪುಸ್ತಕಗಳಲ್ಲಿ ಸಿಗೋ ‘ಉರಿಯೂತ’ ಎಷ್ಟು ಒಳ್ಳೆಯ ಪದ ನೋಡಿ. ಉರಿ ಮತ್ತು ಊತ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಪಟ್ಟಿ ಮಾಡಿದ ನಾಲ್ಕು ಲಕ್ಷಣಗಳು ಕೆಂಪು, ಊತ, ಬಿಸಿ, ನೋವು. ಅವುಗಳಲ್ಲಿ ಎರಡು ನಮ್ಮ ಪದದೊಳಗೇ ಕೂತಿವೆ. ಆ ಪದವನ್ನ ಪರೀಕ್ಷೆಗೆ ಬರೆದು ಮರೆತುಬಿಟ್ಟಿದ್ದೀವಿ. ‘ಸವೆತದ ಕೀಲುನೋವು’, ‘ಉರಿಯೂತದ ಕೀಲುನೋವು’ ಅಂತ ಎರಡು ಹೆಸರನ್ನ ಪತ್ರಿಕೆಗಳು ಬಿಡದೆ ಬಳಸಿದರೆ ಸಾಕು, ಓದುಗರು ತಮ್ಮದು ಯಾವ ಪೈಕಿ ಅಂತ ಯೋಚನೆಯನ್ನಾದರೂ ಶುರುಮಾಡ್ತಾರೆ.

ರೋಗಿಯ ಪದವೇ ಕಾಯಿಲೆಯ ಹೆಸರಾದದ್ದೂ ಉಂಟು. ಚಿಕುನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕಾದ ಮಕೊಂಡೆ ಜನರ ಮಾತು, ಮೈ ಬಾಗಿ ಮುರುಟಿಕೊಳ್ಳೋದು ಅನ್ನೋ ಅರ್ಥದ್ದು. 1952ರಲ್ಲಿ ಇಂದಿನ ಟಾಂಜಾನಿಯಾದಲ್ಲಿ ಜ್ವರ ಹಬ್ಬಿದಾಗ ಜನ ಹೇಳಿದ ಮಾತನ್ನೇ ವೈದ್ಯರು ಹೆಸರಾಗಿ ತಗೊಂಡರು. 2006ರಲ್ಲಿ ಅದು ನಮ್ಮಲ್ಲಿ ಹಬ್ಬಿದಾಗ ದೇಶದ ಶಂಕಿತ ಪ್ರಕರಣಗಳಲ್ಲಿ ಸುಮಾರು ಅರ್ಧ ಕರ್ನಾಟಕದವೇ. ಗೋಡೆ ಹಿಡಿದು ನಡೆಯೋ ಜನ ಊರೂರಲ್ಲಿ ಕಂಡರು. ಕೆಲವರಿಗೆ ಜ್ವರ ಬಿಟ್ಟು ತಿಂಗಳುಗಟ್ಟಲೆ ಕೀಲುನೋವು ಉಳೀತು, ಅದು ಎಷ್ಟೋ ಸಲ ರುಮಟಾಯ್ಡ್ ಹಾಗೇ ಕಾಣುತ್ತೆ ಕೂಡ. ಆವಾಗಿನಿಂದ ಬೆರಳು ಊದಿದ ಹೆಂಗಸಿಗೆಲ್ಲ ‘ಯಾವಾಗಲೋ ಚಿಕುನ್‌ಗುನ್ಯಾ ಬಂದು ಹೋಗಿರಬೇಕು ಬಿಡಿ’ ಅನ್ನೋ ಸಿದ್ಧ ಉತ್ತರ ಸಿಕ್ಕಿತು. ಒಂದು ಕಡೆ ಕೇಳಿಸಿಕೊಂಡು ಇಟ್ಟ ಹೆಸರು ಇನ್ನೊಂದು ಕಡೆ ಕೇಳಿಸಿಕೊಳ್ಳದೇ ಇರೋಕೆ ನೆಪವಾಯ್ತು.

ಮೂರನೆಯದು ಚಿತ್ರಗಳ ಸಮಸ್ಯೆ. ಟೀವಿಯ ನೋವಿನ ಮುಲಾಮಿನ ಜಾಹೀರಾತು ನೆನಪಿಸಿಕೊಳ್ಳಿ. ಅಮ್ಮ ಬಗ್ಗಿ ಏನೋ ಎತ್ತೋಕೆ ಹೋಗ್ತಾಳೆ, ಸೊಂಟ ಕೆಂಪಗೆ ಹೊಳೆಯುತ್ತೆ, ಮಗಳೋ ಸೊಸೆಯೋ ಮುಲಾಮು ಹಚ್ತಾಳೆ, ಕೆಂಪು ಇಳಿದು ನೀಲಿಯಾಗುತ್ತೆ, ಅಮ್ಮ ಎದ್ದು ಹಬ್ಬದ ಅಡುಗೆಗೆ ಹೋಗ್ತಾಳೆ. ಹೊಳೆಯೋದು ಯಾವಾಗಲೂ ಮಂಡಿ ಅಥವಾ ಸೊಂಟ. ಬೆರಳಿನ ಗಂಟು ಹೊಳೆದದ್ದನ್ನ ನಾನಂತೂ ಕಂಡಿಲ್ಲ. ನಮ್ಮ ಸಿನಿಮಾಗಳಲ್ಲಿ ‘ಅಯ್ಯೋ ಮಂಡಿ’ ಅಂತ ಕೂರೋದು ವಯಸ್ಸಿನ ಗುರುತು, ಹೆಚ್ಚು ಅಂದರೆ ನಗೆಗೆ ಒಂದು ನೆಪ. ಇವನ್ನೇ ನೋಡಿ ಬೆಳೆದ ಮೂವತ್ತೆಂಟರ ಹೆಂಗಸು ತನ್ನ ಬೆರಳನ್ನ ಕಾಯಿಲೆಯ ಜಾಗ ಅಂತ ಹೇಗೆ ಗುರುತಿಸಬೇಕು? ಇನ್ನೂ ದೊಡ್ಡ ತೊಂದರೆ ಅಂದರೆ ಈ ಜಾಹೀರಾತುಗಳಲ್ಲಿ ನೋವು ನಿಲ್ಲಬೇಕಾದ್ದು ಅವಳು ಕೆಲಸಕ್ಕೆ ಮರಳೋದಕ್ಕೆ. ನೋವು ಏನನ್ನೋ ಹೇಳ್ತಿರಬಹುದು ಅನ್ನೋ ಸಾಧ್ಯತೆಯೇ ಅಲ್ಲಿ ಇಲ್ಲ.

ಜಾಹೀರಾತನ್ನ ಬೈಯೋದು ಸುಲಭ. ಕಲಾವಿಮರ್ಶೆ ಕೂಡ ಇದೇ ಕೆಲಸ ಮಾಡಿದೆ. ಫ್ರಾನ್ಸಿನ ಚಿತ್ರಕಾರ ರೆನ್ವಾರ್ (1841–1919) ವಿಷಯ ತಗೊಳ್ಳಿ. ಐವತ್ತರ ಆಸುಪಾಸಿನಲ್ಲಿ ಅವನಿಗೆ ರುಮಟಾಯ್ಡ್ ಶುರುವಾಯ್ತು. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಮುದುಡಿದ ಬೆರಳುಗಳ ನಡುವೆ ಬ್ರಷ್ ಸಿಕ್ಕಿಸಿಕೊಂಡು ಚಿತ್ರ ಬರೆದ. 1915ರಲ್ಲಿ ಸಾಶಾ ಗಿಟ್ರಿ ತೆಗೆದ ಮೂಕಿ ಚಿತ್ರದಲ್ಲಿ ಆ ಕೈಗಳನ್ನ ಇವತ್ತೂ ನೋಡಬಹುದು. ಬ್ರಷ್ಷನ್ನ ಕೈಗೆ ಕಟ್ತಿದ್ದರು ಅನ್ನೋ ಕಥೆ ಲೋಕಪ್ರಸಿದ್ಧ. 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೆಲವು ವೈದ್ಯರು ಫೋಟೋಗಳನ್ನ, ಆ ಚಿತ್ರವನ್ನ ಪರಿಶೀಲಿಸಿ ಬರೆದ ಪ್ರಕಾರ ಆ ಪಟ್ಟಿ ಇದ್ದದ್ದು ಅಂಗೈ ಚರ್ಮ ಕಿತ್ತುಹೋಗದೆ ಇರೋಕೆ. ಆದರೂ ‘ಕಟ್ಟಿದ ಬ್ರಷ್’ ಕಥೆ ಸಾಯೋದಿಲ್ಲ, ಯಾಕಂದರೆ ನಮಗೆ ನೋವನ್ನ ಸಹಿಸಿದ ಮಹಾತ್ಮ ಬೇಕು.

ರೆನ್ವಾರ್‌ನ ಕಾಲಕ್ಕೆ ಸಹನೆಯ ಕಥೆ ಸರಿಯಾದ ಕಥೆಯೇ. ಆಗ ಬೇರೆ ದಾರಿ ಇರಲಿಲ್ಲ. ಕಾರ್ಟಿಸೋನ್ ಬಂದದ್ದು 1948ರಲ್ಲಿ, ಅದರ ಸಂಶೋಧಕರಿಗೆ ನೊಬೆಲ್ ಸಿಕ್ಕಿದ್ದು 1950ರಲ್ಲಿ. ಮೆಥೋಟ್ರೆಕ್ಸೇಟ್ ಬಂದದ್ದು ಅದಕ್ಕೂ ತಡವಾಗಿ. ಇವತ್ತು ಅದೇ ಸಹನೆಯ ಕಥೆಯನ್ನ ನಮ್ಮ ಹೆಂಗಸರಿಗೆ ಮಾದರಿಯಾಗಿ ಹೇಳಿದರೆ ಅದಕ್ಕೆ ಬೆರಳಿನ ಬೆಲೆ ಇದೆ. ‘ಭೂಮಿತೂಕದ ಹೆಣ್ಣು, ಎಷ್ಟು ನೋವಿದ್ದರೂ ಒಂದು ದಿನ ಅಂದವಳಲ್ಲ’ ಎಂಬ ಹೊಗಳಿಕೆ ನಮ್ಮ ಎಷ್ಟು ಕಥೆಗಳಲ್ಲಿ, ಎಷ್ಟು ಶ್ರದ್ಧಾಂಜಲಿಗಳಲ್ಲಿ ಬರುತ್ತೆ ಅಂತ ಲೆಕ್ಕ ಹಾಕಿ ನೋಡಿ. ಒಂದು ದಿನ ಅಂದಿದ್ದರೆ, ಅಂದದ್ದನ್ನ ಯಾರಾದರೂ ಬರೆದುಕೊಂಡಿದ್ದರೆ, ಏನಾಗ್ತಿತ್ತು ಅಂತ ಮಾತ್ರ ನಾವು ಕೇಳೋದಿಲ್ಲ.

ಇಷ್ಟಾದ ಮೇಲೆ ವೈದ್ಯರ ಪರವಾಗಿಯೂ ಹೇಳಬೇಕಾದ್ದಿದೆ. ಶುರುವಿನಲ್ಲಿ ಈ ಕಾಯಿಲೆಯನ್ನ ಗುರುತಿಸೋದು ನಿಜಕ್ಕೂ ಸಲೀಸಲ್ಲ. ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ನಾರ್ಮಲ್ ಬರೋದು ಮಾಮೂಲು, ಮೂಳೆ ಕೊರೆದ ಮೇಲಲ್ಲವೇ ಅದು ಕಾಣೋದು. ಆರ್‌ಎ ಫ್ಯಾಕ್ಟರನ್ನ 1940ರಲ್ಲೇ ನಾರ್ವೆಯ ಎರಿಕ್ ವಾಲರ್ ಗಮನಿಸಿದ್ದರು. ಹೆಸರು ಕೇಳಿದರೆ ಕಾಯಿಲೆಯ ತೀರ್ಪೇ ಅದು ಅನ್ನಿಸುತ್ತೆ. ಆದರೆ ಕಾಯಿಲೆ ಇರೋರಲ್ಲೇ ನೂರಕ್ಕೆ 20–30 ಜನರಲ್ಲಿ ಅದು ನೆಗೆಟಿವ್. ಕಾಯಿಲೆ ಇಲ್ಲದ ಕೆಲವರಲ್ಲಿ, ಕ್ಷಯ, ಹೆಪಟೈಟಿಸ್ ಸಿ ಥರದ ಸೋಂಕು ಇರೋರಲ್ಲಿ ಪಾಸಿಟಿವ್. ಆ ಲ್ಯಾಬ್ ಚೀಟಿಯಲ್ಲಿ ಇದನ್ನ ವಿವರಿಸೋ ಒಂದು ಸಾಲೂ ಇರೋದಿಲ್ಲ. ಅದೂ ಒಂದು ಕೆಟ್ಟ ಪಠ್ಯವೇ. ಸಾಲಿನಲ್ಲಿ ನೂರು ಜನ ನಿಂತಿರೋ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಸಿಗೋ ಸಮಯ ಎಷ್ಟು ಅಂತ ನಮಗೆಲ್ಲ ಗೊತ್ತು. ರುಮಟಾಲಜಿಸ್ಟ್‌ಗಳು ಬಹುತೇಕ ದೊಡ್ಡ ನಗರಗಳಲ್ಲಿದ್ದಾರೆ. ತಾಲ್ಲೂಕಿನ ಜನಕ್ಕೆ ಹಾಗೊಂದು ತಜ್ಞತೆ ಇದೆ ಅಂತಲೇ ತಿಳಿದಿರೋದಿಲ್ಲ.

ತಿಳಿದವರು ಇನ್ನೊಂದು ಆಕ್ಷೇಪ ಎತ್ತಬಹುದು. 1987ರ ಅಮೆರಿಕದ ಮಾನದಂಡದಲ್ಲಿ ಏಳು ಅಂಶಗಳಿದ್ದವು, ಮೊದಲನೆಯದೇ ಕನಿಷ್ಠ ಒಂದು ಗಂಟೆಯ ಬೆಳಗಿನ ಬಿಗಿತ. 2010ರಲ್ಲಿ ಅಮೆರಿಕ, ಯುರೋಪು ಸೇರಿ ಮಾಡಿದ ಹತ್ತು ಅಂಕದ ಹೊಸ ಪಟ್ಟಿಯಲ್ಲಿ ಅದನ್ನ ಕೈಬಿಟ್ಟರು. ಹಾಗಾದರೆ ನಾನು ಅದೇ ಪ್ರಶ್ನೆಯನ್ನ ಹಿಡಿದು ಕೂತಿರೋದು ಯಾಕೆ? ಒಂದು, ಆ ಪಟ್ಟಿಗಳಿರೋದು ಮುಖ್ಯವಾಗಿ ಸಂಶೋಧನೆಗೆ ರೋಗಿಗಳನ್ನ ವರ್ಗೀಕರಿಸೋಕೆ. ಎರಡು, ಬಿಗಿತ ಒಂದೇ ಇದ್ದರೆ ಕಾಯಿಲೆ ಅಂತ ಯಾರೂ ಹೇಳ್ತಿಲ್ಲ, ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಯಾರನ್ನ ಬೇಗ ತಜ್ಞರ ಹತ್ತಿರ ಕಳಿಸಬೇಕು ಅನ್ನೋ ಪ್ರಶ್ನೆಗೆ 2002ರಲ್ಲಿ ಪಾಲ್ ಎಮೆರಿ ಮತ್ತು ಸಂಗಡಿಗರು ಮುಂದಿಟ್ಟದ್ದು ಮೂರೇ ಗುರುತು: ಮೂರು ಅಥವಾ ಹೆಚ್ಚು ಕೀಲುಗಳಲ್ಲಿ ಬಾವು, ಬೆರಳಿನ ಬುಡದ ಗಂಟುಗಳನ್ನ ಒತ್ತಿದರೆ ನೋವು, ಅರ್ಧ ಗಂಟೆ ಅಥವಾ ಹೆಚ್ಚು ಹೊತ್ತಿನ ಬೆಳಗಿನ ಬಿಗಿತ. ಈ ಮೂರಕ್ಕೂ ಲ್ಯಾಬ್ ಬೇಡ, ಮೆಷಿನ್ ಬೇಡ. ಕಣ್ಣು, ಕೈ, ಕಿವಿ ಸಾಕು.

ಕನ್ನಡದಲ್ಲಿ ಇಂಥದ್ದನ್ನ ಬರೆಯೋಕೆ ಮಾದರಿ ಇಲ್ಲದೇ ಇಲ್ಲ. ಡಾ. ಅನುಪಮಾ ನಿರಂಜನ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಬರೆದು ಮುಟ್ಟು, ಬಸಿರು, ಬಾಣಂತನದ ಬಗ್ಗೆ ಹೆಂಗಸರು ನಾಚದೆ ಮಾತಾಡೋ ಭಾಷೆ ಕೊಟ್ಟರು. ಆ ಭಾಷೆಗೆ ಸಿಕ್ಕ ಗೌರವ, ನಲವತ್ತರ ಹೆಂಗಸಿನ ಬೆರಳಿಗೆ, ಮಣಿಕಟ್ಟಿಗೆ ನಾನು ಓದಿದಷ್ಟರಲ್ಲಿ ಇನ್ನೂ ಸಿಕ್ಕಿಲ್ಲ. ‘ಗೆದ್ದವರ ಕಥೆ’ ಬರೆಯೋರು ಗೆಲುವಿನ ಎರಡು ಪ್ಯಾರಾ ಕಡಿಮೆ ಮಾಡಿ, ಆ ನಡುವಿನ ಒಂದು ಸಾಲನ್ನ ಐದು ಪ್ಯಾರಾ ಮಾಡಲಿ. ಮೊದಲು ಎಲ್ಲಿಗೆ ಹೋದಿರಿ, ಏನು ಹೇಳಿದಿರಿ, ಅವರು ಏನು ಕೇಳಿದರು, ಏನು ಕೇಳಲಿಲ್ಲ, ಚೀಟಿಯಲ್ಲಿ ಏನಿದೆ? ಇಷ್ಟು ಬರೆದರೆ ಓದಿದವರಿಗೆ ಸ್ಫೂರ್ತಿ ಕಮ್ಮಿ ಸಿಗಬಹುದು, ಆದರೆ ಎಲ್ಲೋ ಒಬ್ಬಳು ತನ್ನ ಕೈ ತಿರುಗಿಸಿ ನೋಡಿಕೊಳ್ತಾಳೆ.

ಆರು ವಾರಕ್ಕಿಂತ ಹೆಚ್ಚಾಗಿ ಬೆರಳಿನ ಗಂಟುಗಳು ಊದಿ, ಬೆಳಿಗ್ಗೆ ಮುಷ್ಟಿ ಕಟ್ಟೋಕೆ ಬರದಿದ್ದರೆ ತಡ ಮಾಡಬೇಡಿ. ಡಾಕ್ಟರು ಕೇಳದಿದ್ದರೂ ಎಷ್ಟು ಹೊತ್ತು ಅಂತ ನೀವೇ ಹೇಳಿ. ಗಡಿಯಾರದ ಲೆಕ್ಕ ಗೊತ್ತಿಲ್ಲದಿದ್ದರೆ ಹಾಲು ಕಾಯಿಸೋ ತನಕ, ಮಕ್ಕಳು ಸ್ಕೂಲಿಗೆ ಹೋಗೋ ತನಕ ಅಂತ ಹೇಳಿ. ಹೇಳಿದ್ದನ್ನ ಚೀಟಿಯಲ್ಲಿ ಬರೆದುಕೊಂಡರಾ ಅಂತ ನೋಡಿ. ಬರೆದುಕೊಳ್ಳದಿದ್ದರೆ, ಇನ್ನೊಂದು ಸಲ ಹೇಳಿ.